‘ತೃತೀಯ ರತ್ನ’: ಹುಟ್ಟಿನ ಸವಲತ್ತನ್ನು ಪ್ರಶ್ನಿಸಿದ ನಾಟಕ

ಹುಟ್ಟಿನ ಕಾರಣದಿಂದಲೇ ದೊರೆಯುವ, ಪಡೆದವರಿಗೆ ಸಹಜವೆಂದೇ ತೋರುವ ಸವಲತ್ತನ್ನು ರಂಗಭೂಮಿಯ ಭಾಷೆಯಲ್ಲಿ ಪ್ರಶ್ನಿಸಿದ ಭಾರತೀಯ ಬರಹಗಳಲ್ಲಿ, ಸಮಾಜ ಸುಧಾರಕ ಜೋತಿರಾವ್ ಫುಲೆ ತಮ್ಮ 28ನೆಯ ವಯಸ್ಸಿನಲ್ಲಿ, 1855ರಲ್ಲಿ, ಬರೆದ ‘ತೃತೀಯ ರತ್ನ’ ತೀರ ಹಳೆಯದು. ಅದಕ್ಕೆ ಹನ್ನೆರಡು ವರ್ಷ ಮೊದಲು, ಕೊಲ್ಹಾಪುರದ ನೆರೆಯ ಸಾಂಗ್ಲಿಯಲ್ಲಿ, ಕರ್ನಾಟಕದ ಭಾಗವತ ಮೇಳದ ಆಟದಿಂದ ಪ್ರೇರಿತರಾದ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದ್ದರು. ಪುರಾಣವೇ ರಂಗವನ್ನು ಆಳುತ್ತಿದ್ದ ಆ ಕಾಲದಲ್ಲಿ ಫುಲೆಯವರು ದೇವತೆಗಳನ್ನು ಬಿಟ್ಟು, ಬೇಸಾಯಗಾರ ಕುಣಬಿ ಜಾತಿಯ ಬಡ ದಂಪತಿಗಳನ್ನು ಆರಿಸಿಕೊಂಡರು.

ಗರ್ಭಿಣಿಯಾದ ಆ ಹೆಂಗಸಿಗೆ ಜೋಯಿಸನೊಬ್ಬ ಗ್ರಹದೋಷದ ಭಯ ಹುಟ್ಟಿಸಿ, ಶಾಂತಿಯ ಹೆಸರಿನಲ್ಲಿ ಮನೆಯನ್ನು ಸಾಲಕ್ಕೆ ತಳ್ಳುತ್ತಾನೆ. ನಡುನಡುವೆ ವಿದೂಷಕ ಆ ಮೋಸವನ್ನು ಬಿಡಿಸಿ ತೋರುತ್ತಾನೆ. ಪಾದ್ರಿಯೊಬ್ಬನ ಉದ್ದುದ್ದ ವಾದಗಳು ಇಂದಿನ ಓದುಗರಿಗೆ ಭಾರವೆನಿಸಬಹುದಾದರೂ ನಾಟಕದ ಒಳನೋಟ ಮಾತ್ರ ಹರಿತವಾಗಿದೆ: ಜೋಯಿಸನ ಬಲ ಅವನ ಹಣದಲ್ಲಾಗಲಿ ತೋಳಿನಲ್ಲಾಗಲಿ ಇಲ್ಲ, ಎದುರಿಗಿರುವವರಿಗೆ ಅಕ್ಷರ ಬಾರದೆಂಬುದರಲ್ಲಿದೆ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಫುಲೆ ದಂಪತಿಗಳ ರಾತ್ರಿಶಾಲೆಗೆ ಹೊರಡಲು ನಿರ್ಧರಿಸುತ್ತಾರೆ.

ಫುಲೆಯವರು ಇದನ್ನು ದಕ್ಷಿಣಾ ಪ್ರೈಜ್ ಕಮಿಟಿಗೆ ಸಲ್ಲಿಸಿದರು. ದಕ್ಷಿಣೆಯೆಂದರೆ ಪೇಶ್ವೆಗಳ ಕಾಲದಲ್ಲಿ ಬ್ರಾಹ್ಮಣ ಪಂಡಿತರಿಗೆ ಹಂಚಲಾಗುತ್ತಿದ್ದ ಹಣ. ಆಂಗ್ಲ ಸರ್ಕಾರ ಅದರ ಒಂದು ಭಾಗವನ್ನು ಮರಾಠಿ ಪುಸ್ತಕಗಳ ಬಹುಮಾನಕ್ಕೆ ತಿರುಗಿಸಿತ್ತು. ಸಮಿತಿ ಕೃತಿಯನ್ನು ಒಪ್ಪಲಿಲ್ಲ, ಮತ್ತು ಅದು ಅಚ್ಚಾದದ್ದು 1979ರಲ್ಲಿ. ಆದರೆ ಅದೇ 1855ರಲ್ಲಿ ಫುಲೆಯವರ ಶಾಲೆಯ ವಿದ್ಯಾರ್ಥಿನಿ, ಮಾಂಗ ಸಮುದಾಯದ ಮುಕ್ತಾ ಸಾಳ್ವೆ, ಮಹಾರ ಮತ್ತು ಮಾಂಗರ ದುಃಖವನ್ನು ಕುರಿತು ಬರೆದ ನಿಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಪ್ರಕಟವಾಯಿತು. ವೇದವನ್ನು ಮುಟ್ಟುವ ಹಕ್ಕೇ ಇಲ್ಲದ ತಮ್ಮ ಧರ್ಮ ಯಾವುದೆಂದು ಆ ಬಾಲಕಿ ಕೇಳಿದ್ದಳು. ಫುಲೆಯವರ ನಾಟಕದ ಜೊತೆಗಿಟ್ಟು ಓದಲೇಬೇಕಾದ ಬರಹವದು.

ಜಾತಿಯನ್ನು ವರ್ಣಭೇದದ ಪಕ್ಕದಲ್ಲಿಟ್ಟು ನೋಡಿದವರೂ ಫುಲೆಯವರೇ. 1873ರ ‘ಗುಲಾಮಗಿರಿ’ಯನ್ನು ಅವರು ಕಪ್ಪುಜನರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬ್ರಾಹ್ಮಣರು ಹೊರಗಿನಿಂದ ಬಂದ ಆರ್ಯ ಜನಾಂಗದವರೆಂಬ ಅವರ ವಾದವನ್ನು, ಜಾತಿಗೆ ಜನಾಂಗವೇ ಮೂಲವೆಂದು ಒಪ್ಪದ ಅಂಬೇಡ್ಕರರು ಮುಂದೆ ಕೈಬಿಟ್ಟರು; ಹೋಲಿಕೆಯ ನೈತಿಕ ಬಲ ಮಾತ್ರ ಅದರಿಂದ ಕುಂದಲಿಲ್ಲ.

‘ಗುಲಾಮಗಿರಿ’ ಬಂದ 1873ರಲ್ಲೇ ಫುಲೆಯವರು ಕಟ್ಟಿದ ಸತ್ಯಶೋಧಕ ಸಮಾಜವು ಹುಟ್ಟಿನ ಸವಲತ್ತನ್ನು ಪ್ರಶ್ನಿಸುವ ವಿಚಾರವನ್ನು ಜಲಸಾಗಳ ಮೂಲಕ, ಎಂದರೆ ಮರಾಠಿ ಜಾನಪದ ರಂಗಪ್ರಕಾರವಾದ ತಮಾಷಾದ ಹಾಡು ಮತ್ತು ಸಂವಾದದ ಚೌಕಟ್ಟಿನಲ್ಲಿ ಸುಧಾರಣೆಯ ವಿಷಯವನ್ನು ತುಂಬಿದ ಆಟಗಳ ಮೂಲಕ, ಹಳ್ಳಿಗಳಿಗೆ ಒಯ್ದಿತು. ಕೊಲ್ಹಾಪುರದಲ್ಲಿ ಸಮಾಜದ ಶಾಖೆ 1911ರಲ್ಲಿ ಆರಂಭವಾಯಿತು. ಅಷ್ಟರಲ್ಲಿ, ಕನ್ನಡ ಮಾತನಾಡುವವರೂ ಇದ್ದ ಗಡಹಿಂಗ್ಲಜ ಭಾಗವೂ ಸೇರಿದ್ದ ಆ ಸಂಸ್ಥಾನದ ಅರಸ ಶಾಹೂ ಮಹಾರಾಜರು, ಅರಮನೆಯ ಪುರೋಹಿತನೇ ತಮಗೆ ವೇದಮಂತ್ರ ನಿರಾಕರಿಸಿದ ವೇದೋಕ್ತ ಪ್ರಕರಣವನ್ನು ಕಂಡುಂಡು, 1902ರ ಜುಲೈ 26ರಂದು ಸರ್ಕಾರಿ ಹುದ್ದೆಗಳಲ್ಲಿ ಶೇ. 50ನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ಸಮುದಾಯವಾರು ವಿದ್ಯಾರ್ಥಿನಿಲಯಗಳನ್ನು ಬೆಳೆಸಿದ ಅವರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿ, ಮಕ್ಕಳನ್ನು ಶಾಲೆಗೆ ಕಳಿಸದ ಪಾಲಕರಿಗೆ ದಂಡವನ್ನೂ ವಿಧಿಸಿದರು.