ಮಹಿಳೆಯರ ಅಂಗಸಾಧನೆ: ತಾಲ್ಲೂಕು ಕೇಂದ್ರಗಳಲ್ಲೊಂದು ಉದ್ಯಮಾವಕಾಶ

ಕಬ್ಬು, ಬೆಲ್ಲಕ್ಕೆ ಹೆಸರಾದ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹೊರೆ ಹೊರುವುದು ಹೆಣ್ಣುಮಕ್ಕಳಿಗೆ ಹೊಸತಲ್ಲ. ಆದರೆ ಗರಡಿಮನೆ ಬಹುಕಾಲ ಗಂಡಸರದೇ ಆಗಿತ್ತು. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಭಾರವೆತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಭಾರತದ ಪ್ರಥಮ ಮಹಿಳೆಯಾದರು.

ಹೊಲದ ದುಡಿಮೆಯಿರುವಾಗ ವ್ಯಾಯಾಮವೇಕೆಂಬ ಪ್ರಶ್ನೆ ಸಹಜ. ದುಡಿಮೆಯಲ್ಲಿ ಭಾರವನ್ನು ಕೆಲಸವೇ ನಿರ್ಧರಿಸುತ್ತದೆ. ತರಬೇತಿಯಲ್ಲಾದರೋ ಅದು ದೇಹಶಕ್ತಿಗೆ ತಕ್ಕಂತೆ ಹಂತಹಂತವಾಗಿ ಏರುತ್ತದೆ, ನಡುವೆ ವಿಶ್ರಾಂತಿಯೂ ಇರುತ್ತದೆ. ಸ್ನಾಯು ಬೆಳೆಯುವುದು ಈ ಕ್ರಮದಿಂದಲೇ. ಗಂಡಸರಂತೆ ಮೈ ಉಬ್ಬೀತೆಂಬ ಅಳುಕು ಅನಗತ್ಯ. ಸ್ತ್ರೀಯರಲ್ಲಿ ಟೆಸ್ಟೋಸ್ಟೆರಾನ್ ಪ್ರಮಾಣ ಬಹಳ ಕಡಿಮೆ. ಎದ್ದುಕಾಣುವ ಸ್ನಾಯುವನ್ನು ಬಯಸುವವರು ವರ್ಷಗಟ್ಟಲೆ ಸಾಧನೆ ಮಾಡಬೇಕಾಗುತ್ತದೆ. ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ನೀಡಿದೆ.

ಉದ್ಯಮಿಗಳು ಗಮನಿಸಬೇಕಾದ ಅಂಶವೂ ಇಲ್ಲಿದೆ. ಆರಂಭಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಕಬ್ಬಿಣದ ಸರಳು, ತೂಕದ ಬಿಲ್ಲೆ, ಡಂಬೆಲ್, ಗಟ್ಟಿ ಬೆಂಚು ಸಾಕು. ಇವುಗಳಲ್ಲಿ ಕೆಲವನ್ನು ಸ್ಥಳೀಯ ವರ್ಕ್‌ಶಾಪ್‌ಗಳೇ ತಯಾರಿಸಬಲ್ಲವು. ಮಹಿಳೆಯರಿಗೆ ಪ್ರತ್ಯೇಕ ವೇಳೆ, ಅರ್ಹ ಮಹಿಳಾ ತರಬೇತುದಾರರು ಅತ್ಯಗತ್ಯ. ಸ್ನಾಯುವಿಗೆ ಬೇಕಾದ ಪ್ರೋಟೀನು ಹುರುಳಿ, ಅವರೆ, ಹಾಲು, ಮೊಟ್ಟೆಗಳ ರೂಪದಲ್ಲಿ ನಮ್ಮ ಅಂಗಡಿಗಳಲ್ಲೇ ಇದೆ. ಬಾಗಿಲು ತೆರೆಯುವವರಿಗಾಗಿ ಮಾರುಕಟ್ಟೆ ಕಾದಿದೆ.