ಬೆಕ್ಕುಗಳಲ್ಲಿ ಹೃದ್ರೋಗ: ಲಕ್ಷಣಗಳನ್ನು ಗುರುತಿಸುವ ಬಗೆ

(ಸಾಕು ಬೆಕ್ಕುಗಳ ಪಾಲಕರ ಮಾಹಿತಿಗಾಗಿ)

ಪೀಠಿಕೆ

ಬೆಕ್ಕು ತನ್ನ ಕಾಯಿಲೆಯನ್ನು ಸುಲಭವಾಗಿ ಹೊರಗೆಡಹುವ ಪ್ರಾಣಿಯಲ್ಲ. ಹೃದ್ರೋಗವುಳ್ಳ ನಾಯಿಯು ನಡೆದಾಡುವಾಗ ದಣಿಯುತ್ತದೆ, ಕೆಮ್ಮುತ್ತದೆ. ಹೀಗಾಗಿ ಮನೆಯವರ ಗಮನಕ್ಕೆ ಬೇಗನೆ ಬರುತ್ತದೆ. ಬೆಕ್ಕಾದರೋ ದಿನದ ಬಹುಭಾಗವನ್ನು ಮಲಗಿಯೇ ಕಳೆಯುತ್ತದೆ. ದಣಿವಾದಾಗ ಇನ್ನಷ್ಟು ಹೊತ್ತು ಮಲಗುತ್ತದೆ ಅಥವಾ ಮಂಚದ ಕೆಳಗೆ, ಅಟ್ಟದ ಮೂಲೆಯಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ಇದನ್ನು ಮನೆಯವರು ವಯಸ್ಸಿನ ಪರಿಣಾಮವೆಂದೋ, ಬಿಸಿಲಿನ ಬೇಗೆಯೆಂದೋ ಭಾವಿಸುವುದು ಸಹಜ. ಪರಿಣಾಮವಾಗಿ ಅನೇಕ ಬೆಕ್ಕುಗಳು ಉಸಿರಾಟ ತೀರ ಕಷ್ಟವಾದ ಮೇಲೆಯೇ ಚಿಕಿತ್ಸಾಲಯವನ್ನು ತಲುಪುತ್ತವೆ.

ಹೃದ್ರೋಗದ ಮುನ್ಸೂಚನೆಗಳಲ್ಲಿ ಕೆಲವನ್ನು ಯಾವ ಉಪಕರಣವೂ ಇಲ್ಲದೆ ಮನೆಯಲ್ಲಿಯೇ ಗುರುತಿಸಬಹುದಾಗಿದೆ. ಅವುಗಳನ್ನು ಗುರುತಿಸುವ ಕ್ರಮ ಮತ್ತು ಪಶುವೈದ್ಯರನ್ನು ಕಾಣುವ ಮೊದಲು ಕೈಗೊಳ್ಳಬೇಕಾದ ಕ್ರಮಗಳನ್ನು ಕೆಳಗೆ ವಿವರಿಸಲಾಗಿದೆ.

ರೋಗದ ಸ್ವರೂಪ

ಬೆಕ್ಕುಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಹೃದ್ರೋಗವೆಂದರೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ. ಇದನ್ನು ವೈದ್ಯಕೀಯ ಪರಿಭಾಷೆಯಲ್ಲಿ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಕರೆಯಲಾಗುತ್ತದೆ. ವಿದೇಶಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ ಸುಮಾರು ಶೇಕಡ 15ರಷ್ಟು ಬೆಕ್ಕುಗಳಲ್ಲಿ ಈ ಬದಲಾವಣೆ ಇರುತ್ತದೆ. ಇವುಗಳ ಪೈಕಿ ಹೆಚ್ಚಿನವು ಯಾವ ತೊಂದರೆಯನ್ನೂ ತೋರದೆ ಬದುಕುತ್ತವೆ. ಉಳಿದವುಗಳಲ್ಲಿ ರೋಗವು ಮುಂದುವರಿಯುತ್ತದೆ.

ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾದಂತೆ ಅದರೊಳಗೆ ರಕ್ತ ತುಂಬಿಕೊಳ್ಳುವ ಅವಕಾಶ ಕಡಿಮೆಯಾಗುತ್ತದೆ. ಬಿಗಿಯಾದ ಸ್ನಾಯು ಸರಿಯಾಗಿ ಸಡಿಲಗೊಳ್ಳುವುದಿಲ್ಲ. ಆಗ ರಕ್ತವು ಹಿಂದೆ ನಿಂತು ಎಡ ಮೇಲ್ಕೋಣೆ ಹಿಗ್ಗುತ್ತದೆ. ಇದರಿಂದ ಎರಡು ಬಗೆಯ ಅಪಾಯಗಳು ಉಂಟಾಗುತ್ತವೆ. ಮೊದಲನೆಯದಾಗಿ, ಶ್ವಾಸಕೋಶದಲ್ಲಿ ಅಥವಾ ಅದರ ಸುತ್ತಲಿನ ಎದೆಗೂಡಿನಲ್ಲಿ ನೀರು ಸೇರಿ ಉಸಿರಾಟ ಕಷ್ಟವಾಗುತ್ತದೆ. ಎರಡನೆಯದಾಗಿ, ಹಿಗ್ಗಿದ ಕೋಣೆಯಲ್ಲಿ ನಿಧಾನವಾಗಿ ಚಲಿಸುವ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ರಕ್ತನಾಳದ ಮೂಲಕ ಸಾಗಿ ಬೇರೊಂದೆಡೆ ಸಿಕ್ಕಿಕೊಳ್ಳುತ್ತದೆ.

ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ ಹಾಗೂ ರಕ್ತದ ಏರೊತ್ತಡದಿಂದಲೂ ಹೃದಯದ ಗೋಡೆ ದಪ್ಪವಾಗಬಹುದು.

ಗಮನಿಸಬೇಕಾದ ಲಕ್ಷಣಗಳು

1. ಮಲಗಿದ್ದಾಗಲೂ ಉಸಿರಾಟ ವೇಗವಾಗಿರುವುದು. ಉಸಿರಿನೊಂದಿಗೆ ಹೊಟ್ಟೆಯ ಭಾಗ ಎದ್ದು ಕಾಣುವಂತೆ ಮೇಲೆ ಕೆಳಗೆ ಆಡುವುದು.

2. ಬಾಯಿ ತೆರೆದು ಉಸಿರಾಡುವುದು. ನಾಯಿಯು ಸೆಖೆಯಲ್ಲಿ ನಾಲಿಗೆ ಚಾಚಿ ಏದುಸಿರು ಬಿಡುವುದು ಸಾಮಾನ್ಯ. ಬೆಕ್ಕಿನಲ್ಲಿ ಇದು ಸಾಮಾನ್ಯವಲ್ಲ. ವಿಶ್ರಾಂತಿಯಲ್ಲಿರುವ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದನ್ನು ತುರ್ತು ಸಂದರ್ಭವೆಂದೇ ಪರಿಗಣಿಸತಕ್ಕದ್ದು.

3. ಒಂದು ಪಕ್ಕಕ್ಕೆ ಒರಗಿ ಮಲಗಲು ನಿರಾಕರಿಸಿ, ಮುಂಗಾಲುಗಳ ಮೊಣಕೈಗಳನ್ನು ಅಗಲಿಸಿ, ಕತ್ತನ್ನು ಮುಂದಕ್ಕೆ ಚಾಚಿ ಕುಳಿತಿರುವುದು.

4. ಆಹಾರ ಬಿಡುವುದು, ತೂಕ ಇಳಿಯುವುದು, ಮೈ ನೆಕ್ಕಿ ಶುಚಿಗೊಳಿಸಿಕೊಳ್ಳುವುದನ್ನು ನಿಲ್ಲಿಸುವುದು.

5. ಮೊದಲು ಹಾರಿ ಏರುತ್ತಿದ್ದ ಕಿಟಕಿಯನ್ನು ಅಥವಾ ಗೋಡೆಯನ್ನು ಏರದಿರುವುದು, ಅಡಗಿ ಕುಳಿತುಕೊಳ್ಳುವುದು.

6. ಹಠಾತ್ತನೆ ಎಚ್ಚರ ತಪ್ಪಿ ಬೀಳುವುದು, ಕೆಲ ಕ್ಷಣಗಳಲ್ಲಿ ಏನೂ ಆಗದಂತೆ ಏಳುವುದು.

7. ಒಂದು ಅಥವಾ ಎರಡೂ ಹಿಂಗಾಲುಗಳು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುವುದು.

ಹೃದ್ರೋಗವುಳ್ಳ ಬೆಕ್ಕುಗಳಲ್ಲಿ ಕೆಮ್ಮು ವಿರಳ. ಕೆಮ್ಮುವ ಬೆಕ್ಕಿಗೆ ಆಸ್ತಮಾ ಅಥವಾ ಶ್ವಾಸನಾಳದ ಬೇರೆ ತೊಂದರೆ ಇರುವ ಸಾಧ್ಯತೆ ಹೆಚ್ಚು. ಆದುದರಿಂದ ಕೆಮ್ಮು ಇಲ್ಲವೆಂಬ ಕಾರಣಕ್ಕೆ ಹೃದಯ ಸರಿಯಾಗಿದೆ ಎಂದು ತೀರ್ಮಾನಿಸಬಾರದು.

ನಿದ್ರೆಯಲ್ಲಿ ಉಸಿರು ಎಣಿಸುವ ಕ್ರಮ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಅತ್ಯಂತ ಉಪಯುಕ್ತವಾದುದು ಇದೇ ಆಗಿದೆ. ಇದಕ್ಕೆ ಸೆಕೆಂಡಿನ ಮುಳ್ಳುಳ್ಳ ಗಡಿಯಾರ ಅಥವಾ ಮೊಬೈಲ್ ಫೋನ್ ಸಾಕು.

ಬೆಕ್ಕು ಗಾಢವಾಗಿ ನಿದ್ರಿಸುತ್ತಿರುವಾಗ ಅದನ್ನು ಮುಟ್ಟದೆ ಎದೆಯ ಅಥವಾ ಪಕ್ಕೆಯ ಭಾಗವನ್ನು ನೋಡಬೇಕು. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡುಗಳವರೆಗೆ ಎಣಿಸಿ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. ಬೆಕ್ಕು ಗುರುಗುಟ್ಟುತ್ತಿರುವಾಗ, ಆಟವಾಡಿ ಬಂದ ಕೂಡಲೇ, ಅಥವಾ ಕನಸು ಕಾಣುತ್ತ ಮೀಸೆ, ಕಾಲುಗಳನ್ನು ಅದುರಿಸುತ್ತಿರುವಾಗ ಎಣಿಸಬಾರದು.

ಆರೋಗ್ಯವಂತ ಬೆಕ್ಕಿನ ಉಸಿರು ನಿದ್ರೆಯಲ್ಲಿ ನಿಮಿಷಕ್ಕೆ 30ನ್ನು ಮೀರುವುದಿಲ್ಲ. ಬೇರೆ ಬೇರೆ ಸಮಯಗಳಲ್ಲಿ ಎಣಿಸಿದಾಗಲೂ 30ಕ್ಕಿಂತ ಹೆಚ್ಚು ಬರುತ್ತಿದ್ದರೆ ಪಶುವೈದ್ಯರನ್ನು ಕಾಣಬೇಕು. 40ನ್ನು ಮೀರಿದ್ದರೆ ಅದೇ ದಿನ, ವಿಳಂಬವಿಲ್ಲದೆ ಕಾಣತಕ್ಕದ್ದು. ಬೆಕ್ಕು ಆರೋಗ್ಯವಾಗಿರುವಾಗಲೇ ಒಂದು ವಾರ ಎಣಿಸಿ ಬರೆದಿಟ್ಟುಕೊಂಡಲ್ಲಿ ಅದರ ಸಹಜ ಸಂಖ್ಯೆ ತಿಳಿದಿರುತ್ತದೆ; ಮುಂದೆ ಏರುಪೇರಾದಾಗ ಹೋಲಿಸಿ ನೋಡಲು ಅನುಕೂಲವಾಗುತ್ತದೆ.

ಹಿಂಗಾಲುಗಳು ಹಠಾತ್ತನೆ ಸ್ವಾಧೀನ ತಪ್ಪಿದಲ್ಲಿ

ಹೃದಯದಿಂದ ಹೊರಟ ರಕ್ತದ ಹೆಪ್ಪು ಮಹಾಪಧಮನಿಯು ಹಿಂಗಾಲುಗಳ ಕಡೆಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಂಡರೆ, ಆ ಕಾಲುಗಳಿಗೆ ರಕ್ತ ನಿಂತುಹೋಗುತ್ತದೆ. ಕೆಲ ನಿಮಿಷಗಳ ಹಿಂದೆ ಚೆನ್ನಾಗಿದ್ದ ಬೆಕ್ಕು ಜೋರಾಗಿ ಕೂಗಿಕೊಂಡು, ಹಿಂಗಾಲುಗಳನ್ನು ಎಳೆದುಕೊಂಡು ತೆವಳುತ್ತದೆ. ಇದು ಅತ್ಯಂತ ನೋವಿನ ಸ್ಥಿತಿ. ಅನೇಕ ಬೆಕ್ಕುಗಳಲ್ಲಿ ಹೃದ್ರೋಗ ಇರುವುದು ತಿಳಿಯುವುದೇ ಈ ಘಟನೆಯಿಂದ.

ಮಹಡಿಯಿಂದ ಬಿದ್ದಿರಬಹುದು, ವಾಹನ ತಗುಲಿರಬಹುದು, ಹಾವು ಕಚ್ಚಿರಬಹುದು ಎಂಬ ಊಹೆಯಲ್ಲಿ ಅಮೂಲ್ಯ ಸಮಯ ಕಳೆದುಹೋಗುವುದುಂಟು. ಕೆಳಗಿನ ಗುರುತುಗಳು ರಕ್ತದ ಹೆಪ್ಪಿನ ಕಡೆಗೆ ಬೆರಳು ತೋರುತ್ತವೆ:

1. ಹಿಂಗಾಲಿನ ಪಾದಗಳು ಮುಂಗಾಲಿನ ಪಾದಗಳಿಗಿಂತ ತಣ್ಣಗಿರುವುದು.

2. ಪಾದದ ಮೆತ್ತೆಗಳು ಬಿಳಿಚಿರುವುದು ಅಥವಾ ನೀಲಿಗಟ್ಟಿರುವುದು.

3. ಹಿಂಗಾಲಿನ ಸ್ನಾಯುಗಳು ಗಟ್ಟಿಯಾಗಿರುವುದು, ಮುಟ್ಟಿದರೆ ನೋಯುವುದು.

4. ಜೊತೆಯಲ್ಲಿ ಉಸಿರಾಟ ವೇಗವಾಗಿರುವುದು.

ಈ ಸ್ಥಿತಿ ಗಂಭೀರವಾದುದು. ಚಿಕಿತ್ಸೆ ನೀಡಿದರೂ ಅನೇಕ ಬೆಕ್ಕುಗಳು ಉಳಿಯುವುದಿಲ್ಲ. ಒಂದೇ ಕಾಲಿಗೆ ತೊಂದರೆಯಾಗಿದ್ದರೆ ಮತ್ತು ಮೈ ಉಷ್ಣತೆ ತೀರ ಕುಸಿಯದಿದ್ದರೆ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಫಲಿತಾಂಶ ಏನೇ ಇರಲಿ, ನೋವು ಶಮನದ ಔಷಧಿಯನ್ನು ಶೀಘ್ರವಾಗಿ ಕೊಡಿಸುವುದು ಪಾಲಕರ ಕರ್ತವ್ಯ. ಕಾಲುಗಳನ್ನು ತಿಕ್ಕುವುದು, ಎಣ್ಣೆ ಹಚ್ಚಿ ನೀವುವುದು, ಬಿಸಿನೀರಿನ ಶಾಖ ಕೊಡುವುದು ಸಲ್ಲದು. ಸ್ಪರ್ಶಜ್ಞಾನ ಕಳೆದುಕೊಂಡ ಕಾಲು ಸುಟ್ಟರೂ ಬೆಕ್ಕಿಗೆ ತಿಳಿಯುವುದಿಲ್ಲ.

ತುರ್ತು ಸಂದರ್ಭದಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳು

1. ಉಸಿರಾಟದ ತೊಂದರೆಯಿರುವ ಬೆಕ್ಕನ್ನು ಅಂಗಾತ ಮಲಗಿಸಬಾರದು, ಬಿಗಿಯಾಗಿ ಹಿಡಿಯಬಾರದು, ಗೋಣಿಚೀಲದಲ್ಲಿ ಕಟ್ಟಿ ಒಯ್ಯಬಾರದು. ಗಾಳಿಯಾಡುವ ಬುಟ್ಟಿ ಅಥವಾ ರಂಧ್ರಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ತನಗೆ ಬೇಕಾದಂತೆ ಕುಳಿತುಕೊಳ್ಳಲು ಬಿಡಬೇಕು.

2. ಬಾಯಿಗೆ ಹಾಲು, ನೀರು, ಕಷಾಯಗಳನ್ನು ಒತ್ತಾಯದಿಂದ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

3. ಮನುಷ್ಯರ ಔಷಧಿಗಳನ್ನು ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗಿದ್ದು, ಒಂದು ಮಾತ್ರೆಯಿಂದಲೂ ಸಾವು ಸಂಭವಿಸಬಹುದು. ಆಸ್ಪಿರಿನ್ ಮಾತ್ರೆಯನ್ನೂ ಸ್ವಂತವಾಗಿ ಕೊಡಬಾರದು.

4. ನಿಶ್ಶಕ್ತವಾಗಿರುವ ಬೆಕ್ಕಿಗೆ ಗ್ಲೂಕೋಸ್ ಬಾಟಲಿ ಹಾಕುವಂತೆ ವೈದ್ಯರನ್ನು ಒತ್ತಾಯಿಸಬಾರದು. ಹೃದಯ ದುರ್ಬಲವಾಗಿರುವಾಗ ರಕ್ತನಾಳಕ್ಕೆ ಹಾಕುವ ದ್ರಾವಣವು ಶ್ವಾಸಕೋಶದಲ್ಲಿ ನೀರು ತುಂಬಲು ಕಾರಣವಾಗಬಹುದು.

5. ಹೊರಡುವ ಮೊದಲು ಚಿಕಿತ್ಸಾಲಯಕ್ಕೆ ದೂರವಾಣಿ ಮೂಲಕ ತಿಳಿಸುವುದು ಒಳ್ಳೆಯದು. ಆಮ್ಲಜನಕದ ವ್ಯವಸ್ಥೆ ಮಾಡಿಕೊಳ್ಳಲು ಇದರಿಂದ ಅನುಕೂಲವಾಗುತ್ತದೆ.

ಚಿಕಿತ್ಸಾಲಯಕ್ಕೆ ಹೋಗುವಾಗ ಜೊತೆಯಲ್ಲಿ ಒಯ್ಯಬೇಕಾದವು

ಲಸಿಕೆ ಪುಸ್ತಕ ಮತ್ತು ಹಿಂದಿನ ಚಿಕಿತ್ಸೆಯ ಚೀಟಿಗಳು, ಉಸಿರಾಟದ ಎಣಿಕೆಯನ್ನು ದಿನಾಂಕ ಸಹಿತ ಬರೆದ ಹಾಳೆ, ಈಗ ಕೊಡುತ್ತಿರುವ ಔಷಧಿಗಳ ಪಟ್ಟಿ ಹಾಗೂ ಆಹಾರದ ವಿವರ. ಎಚ್ಚರ ತಪ್ಪಿ ಬೀಳುವ ಅಥವಾ ಉಬ್ಬಸದ ದೃಶ್ಯವನ್ನು ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ರೋಗ ನಿರ್ಣಯಕ್ಕೆ ಸಹಾಯವಾಗುತ್ತದೆ; ಏಕೆಂದರೆ ಅಪರಿಚಿತ ಸ್ಥಳದಲ್ಲಿ ಬೆಕ್ಕು ಈ ಲಕ್ಷಣಗಳನ್ನು ತೋರದೇ ಇರಬಹುದು.

ರೋಗ ಪತ್ತೆ ಪರೀಕ್ಷೆಗಳು

ಪಶುವೈದ್ಯರು ಸ್ಟೆತೊಸ್ಕೋಪಿನಿಂದ ಹೃದಯದ ಬಡಿತವನ್ನು ಆಲಿಸಿದಾಗ ಮರ್ಮರ ಶಬ್ದ ಅಥವಾ ಲಯ ತಪ್ಪಿದ ಬಡಿತ ಕೇಳಿಬರಬಹುದು. ಆದರೆ ಮರ್ಮರ ಶಬ್ದವಿದ್ದ ಮಾತ್ರಕ್ಕೆ ಹೃದ್ರೋಗವಿದೆ ಎಂದಾಗಲೀ, ಇಲ್ಲದಿದ್ದ ಮಾತ್ರಕ್ಕೆ ರೋಗವಿಲ್ಲ ಎಂದಾಗಲೀ ಹೇಳಲಾಗದು. ನಿಖರವಾದ ನಿರ್ಣಯಕ್ಕೆ ಎಕೋಕಾರ್ಡಿಯೋಗ್ರಫಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಅಗತ್ಯ. ಎಕ್ಸ್‌ರೇ, ಇಸಿಜಿ, ರಕ್ತದೊತ್ತಡ ಹಾಗೂ ರಕ್ತ ಪರೀಕ್ಷೆಗಳೂ ಸಂದರ್ಭಾನುಸಾರ ಬೇಕಾಗುತ್ತವೆ. ಉಬ್ಬಸ ತೀವ್ರವಾಗಿದ್ದಲ್ಲಿ ಮೊದಲು ಆಮ್ಲಜನಕ ನೀಡಿ, ಬೆಕ್ಕು ಸ್ಥಿಮಿತಕ್ಕೆ ಬಂದ ನಂತರವೇ ಈ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಇದನ್ನು ವಿಳಂಬವೆಂದು ಪಾಲಕರು ಭಾವಿಸಬಾರದು.

ಅಲ್ಟ್ರಾಸೌಂಡ್ ಸೌಲಭ್ಯ ಎಲ್ಲ ಪಶುಚಿಕಿತ್ಸಾಲಯಗಳಲ್ಲಿ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಸ್ಥಳೀಯ ಪಶುವೈದ್ಯರಿಂದ ಶಿಫಾರಸು ಚೀಟಿ ಪಡೆದು, ಸೌಲಭ್ಯವುಳ್ಳ ದೊಡ್ಡ ಆಸ್ಪತ್ರೆಗೆ ಅಥವಾ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಹೋಗಬಹುದು. ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ ಮತ್ತು ಶಿವಮೊಗ್ಗ ಸೇರಿದಂತೆ ಹಲವೆಡೆ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. ಪ್ರಯಾಣಕ್ಕೆ ಮೊದಲು ಪರೀಕ್ಷೆಯ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳುವುದು ಸೂಕ್ತ.

ಚಿಕಿತ್ಸೆ

ದಪ್ಪವಾದ ಹೃದಯ ಸ್ನಾಯುವನ್ನು ಪೂರ್ಣವಾಗಿ ಮೊದಲಿನಂತೆ ಮಾಡುವ ಔಷಧಿ ಇಲ್ಲ. ಆದರೆ ನೀರು ತುಂಬುವುದನ್ನು ಮತ್ತು ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಔಷಧಿಗಳಿವೆ. ಮೂತ್ರದ ಮೂಲಕ ನೀರನ್ನು ಹೊರಹಾಕಲು ಫ್ಯೂರೊಸೆಮೈಡ್, ಹೆಪ್ಪುಗಟ್ಟುವುದನ್ನು ತಡೆಯಲು ಕ್ಲೋಪಿಡೊಗ್ರೆಲ್ ಸಾಮಾನ್ಯವಾಗಿ ಬಳಕೆಯಲ್ಲಿವೆ. ಒಮ್ಮೆ ಹೆಪ್ಪಿನ ತೊಂದರೆಯಿಂದ ಚೇತರಿಸಿಕೊಂಡ ಬೆಕ್ಕುಗಳಲ್ಲಿ ಅದು ಮರುಕಳಿಸದಂತೆ ತಡೆಯಲು ಆಸ್ಪಿರಿನ್‌ಗಿಂತ ಕ್ಲೋಪಿಡೊಗ್ರೆಲ್ ಹೆಚ್ಚು ಪರಿಣಾಮಕಾರಿ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಹೊರ ಲಕ್ಷಣಗಳಿನ್ನೂ ಕಾಣಿಸಿಕೊಳ್ಳದ ಬೆಕ್ಕುಗಳಿಗಾಗಿ ಸಿರೋಲಿಮಸ್ ಎಂಬ ಔಷಧಿಗೆ 2025ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಷರತ್ತುಬದ್ಧ ಅನುಮೋದನೆ ದೊರೆತಿದೆ.

ಉಸಿರಾಟ ಸರಿಹೋಯಿತೆಂದು ಔಷಧಿಯನ್ನು ಮಧ್ಯದಲ್ಲಿ ನಿಲ್ಲಿಸಬಾರದು. ಚಿಕಿತ್ಸೆಯಲ್ಲಿರುವ ಬೆಕ್ಕಿನ ಉಸಿರನ್ನು ಪ್ರತಿದಿನ ನಿದ್ರೆಯಲ್ಲಿ ಎಣಿಸುವುದು ಮುಂದುವರಿಯಬೇಕು. ಸಂಖ್ಯೆಯ ಏರಿಕೆಯೇ ನೀರು ಮತ್ತೆ ತುಂಬುತ್ತಿರುವುದರ ಮೊದಲ ಸೂಚನೆಯಾಗಿರುತ್ತದೆ.

ಆಹಾರ ಮತ್ತು ಟಾರಿನ್ ಕೊರತೆ

ಪೂರ್ಣವಾಗಿ ತಡೆಯಬಹುದಾದ ಹೃದ್ರೋಗವೂ ಒಂದಿದೆ. ಟಾರಿನ್ ಎಂಬ ಪೋಷಕಾಂಶದ ಕೊರತೆಯಿಂದ ಹೃದಯದ ಸ್ನಾಯು ತೆಳುವಾಗಿ, ಹಿಗ್ಗಿ, ಶಕ್ತಿಗುಂದುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಪ್ರಕಟಿಸಿದರು. ಆ ಬಳಿಕ ಬೆಕ್ಕಿನ ಸಿದ್ಧ ಆಹಾರಗಳಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು ಹಾಗೂ ಈ ರೋಗ ವಿರಳವಾಯಿತು. ಸಕಾಲದಲ್ಲಿ ಟಾರಿನ್ ಒದಗಿಸಿದರೆ ಈ ಬಗೆಯ ರೋಗದಲ್ಲಿ ಹೃದಯವು ಚೇತರಿಸಿಕೊಳ್ಳಬಲ್ಲದು.

ಬೆಕ್ಕಿನ ದೇಹವು ತನಗೆ ಬೇಕಾದಷ್ಟು ಟಾರಿನ್ ತಯಾರಿಸಿಕೊಳ್ಳಲಾರದು. ಅದು ಮಾಂಸ ಮತ್ತು ಮೀನಿನಿಂದಲೇ ದೊರೆಯಬೇಕು. ನಮ್ಮ ಅನೇಕ ಮನೆಗಳಲ್ಲಿ ಬೆಕ್ಕಿಗೆ ಹಾಲು ಅನ್ನ ಅಥವಾ ಮೊಸರನ್ನ ಹಾಕುವ ರೂಢಿ ಇದೆ. ಹೊರಗೆ ಇಲಿ, ಹಕ್ಕಿಗಳನ್ನು ಹಿಡಿದು ತಿನ್ನುವ ಬೆಕ್ಕಿಗೆ ಕೊರತೆ ತಟ್ಟದಿರಬಹುದು. ಆದರೆ ಬಹುಮಹಡಿ ವಸತಿಗಳಲ್ಲಿ ಹೊರಗೆ ಹೋಗದೆ ಬೆಳೆಯುವ ಬೆಕ್ಕಿಗೆ ಹಾಲು ಅನ್ನವೊಂದೇ ಸಾಲದು. ನಾಯಿಗಳಿಗಾಗಿ ತಯಾರಿಸಿದ ಆಹಾರವೂ ಬೆಕ್ಕಿಗೆ ತಕ್ಕುದಲ್ಲ. ಟಾರಿನ್ ನೀರಿನಲ್ಲಿ ಕರಗುವುದರಿಂದ ಮಾಂಸ ಅಥವಾ ಮೀನನ್ನು ಬೇಯಿಸಿದ ನೀರನ್ನು ಚೆಲ್ಲದೆ ಆಹಾರದೊಂದಿಗೆ ಬೆರೆಸಿ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ ಮತ್ತು ಮಸಾಲೆ ಸೇರಿಸಬಾರದು. ಮನೆಯಲ್ಲಿ ಮಾಂಸಾಹಾರ ಬಳಸದವರು ಟಾರಿನ್ ಒಳಗೊಂಡಿರುವ ಬೆಕ್ಕಿನ ಸಿದ್ಧ ಆಹಾರವನ್ನು ಕೊಡಬಹುದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ರೋಗ ವಿದೇಶಿ ತಳಿಗಳಿಗೆ ಮಾತ್ರ ಬರುವುದೇ?

ಉತ್ತರ: ಇಲ್ಲ. ಮೇನ್ ಕೂನ್, ರ‍್ಯಾಗ್‌ಡಾಲ್, ಪರ್ಷಿಯನ್ ಮುಂತಾದ ತಳಿಗಳಲ್ಲಿ ಹೆಚ್ಚಾಗಿ ಕಂಡುಬಂದರೂ, ತಳಿ ಹೆಸರಿಲ್ಲದ ಸಾಮಾನ್ಯ ಮನೆ ಬೆಕ್ಕುಗಳಿಗೂ ಬರುತ್ತದೆ. ಗಂಡು ಬೆಕ್ಕುಗಳಲ್ಲಿ ಹೆಚ್ಚು. ಮೇನ್ ಕೂನ್ ತಳಿಯಲ್ಲಿ 2005ರಲ್ಲಿ ಹಾಗೂ ರ‍್ಯಾಗ್‌ಡಾಲ್ ತಳಿಯಲ್ಲಿ 2007ರಲ್ಲಿ ರೋಗಕ್ಕೆ ಸಂಬಂಧಿಸಿದ ವಂಶವಾಹಿ ದೋಷಗಳನ್ನು ಗುರುತಿಸಲಾಗಿದ್ದು, ಅವುಗಳ ಪರೀಕ್ಷೆ ಲಭ್ಯವಿದೆ. ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ರೋಗ ಬಾರದೆಂಬ ಖಾತರಿ ಇಲ್ಲ. ರೋಗವಿರುವ ಬೆಕ್ಕಿನಿಂದ ಮರಿ ಮಾಡಿಸಬಾರದು.

ಪ್ರಶ್ನೆ: ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು. ಆದರೆ ಹೃದ್ರೋಗ ಅಥವಾ ಮರ್ಮರ ಶಬ್ದ ಮೊದಲೇ ತಿಳಿದಿದ್ದಲ್ಲಿ, ಇಲ್ಲವೇ ಉಸಿರಿನ ಎಣಿಕೆ ಹೆಚ್ಚಿದ್ದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಪಶುವೈದ್ಯರಿಗೆ ತಿಳಿಸತಕ್ಕದ್ದು. ಅರಿವಳಿಕೆ ಔಷಧಿಯ ಆಯ್ಕೆ ಮತ್ತು ದ್ರಾವಣದ ಪ್ರಮಾಣ ಇದನ್ನು ಅವಲಂಬಿಸಿರುತ್ತದೆ.

ಪ್ರಶ್ನೆ: ಬೆಕ್ಕು ಗುರುಗುಟ್ಟುತ್ತಿದ್ದರೆ ಆರೋಗ್ಯವಾಗಿದೆ ಎಂದರ್ಥವೇ?

ಉತ್ತರ: ಅಲ್ಲ. ನೋವಿನಲ್ಲಿರುವ ಬೆಕ್ಕು ಕೂಡ ಗುರುಗುಟ್ಟುವುದುಂಟು. ಉಸಿರಾಟ, ಆಹಾರ ಸೇವನೆ ಮತ್ತು ಓಡಾಟಗಳನ್ನು ನೋಡಿ ತೀರ್ಮಾನಿಸಬೇಕು.

ಪಾಲಕರಲ್ಲಿ ಮನವಿ

ಬೆಕ್ಕು ಸಾಕಿರುವ ಪ್ರತಿಯೊಂದು ಮನೆಯಲ್ಲಿಯೂ ವಾರಕ್ಕೊಮ್ಮೆ ಅರ್ಧ ನಿಮಿಷ ಅದರ ಉಸಿರನ್ನು ಎಣಿಸಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳುವುದು ಅಪೇಕ್ಷಣೀಯ. ವರ್ಷಕ್ಕೊಮ್ಮೆ ಲಸಿಕೆಗಾಗಿ ಬಂದಾಗ ಹೃದಯವನ್ನೂ ಪರೀಕ್ಷಿಸುವಂತೆ ಪಶುವೈದ್ಯರನ್ನು ಕೋರಬಹುದು. ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಔಷಧಿ ಮತ್ತು ಅದರ ಪ್ರಮಾಣವನ್ನು ಬೆಕ್ಕನ್ನು ಪರೀಕ್ಷಿಸಿದ ಪಶುವೈದ್ಯರೇ ನಿರ್ಧರಿಸತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆ ಅಥವಾ ಪಶುಚಿಕಿತ್ಸಾಲಯವನ್ನು ಸಂಪರ್ಕಿಸುವುದು.