ವಾಸನೆಯೊಂದೇ ಸಾಕ್ಷ್ಯವಾದೀತೆ?

ಮದ್ಯಪಾನ ಮಾಡಿ ಮೋಟಾರು ನಡೆಸಿದವನ ಪರವಾಗಿ ಲೇಖನಿ ಹಿಡಿಯುವುದು ಯಾರಿಗೂ ಪ್ರಿಯವಾದ ಕಾರ್ಯವಲ್ಲ. ಶಾಲೆಯಿಂದ ಮಗು ಬರುವುದು ತುಸು ತಡವಾದರೆ ಹೊಸಿಲಲ್ಲಿ ನಿಂತು ಬೀದಿಯನ್ನೇ ನೋಡುವ ತಾಯಿಗೆ ಅಂಥವನ ಮೇಲೆ ಕನಿಕರ ಹುಟ್ಟುವುದಾದರೂ ಹೇಗೆ? ಆದರೂ ‘ಇವನು ಕುಡಿದಿದ್ದ’ ಎನ್ನುವುದು ಬೇರೆ, ಅದನ್ನು ನ್ಯಾಯಾಸನದ ಮುಂದೆ ಸಾಧಿಸಿ ತೋರಿಸುವುದು ಬೇರೆ. ಈ ಎರಡರ ನಡುವಣ ಅಂತರವೇ ಮೇಲ್ಮನವಿಯ ಜೀವಾಳ.

ಮಹಾರಾಷ್ಟ್ರದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1971ರಲ್ಲಿ ಈ ಅಂತರವನ್ನು ಸ್ಪಷ್ಟಪಡಿಸಿತು. ಚಾಲಕನ ಉಸಿರಿನಲ್ಲಿ ಮದ್ಯದ ವಾಸನೆಯಿತ್ತು, ನಡಿಗೆ ತೂರಾಡುತ್ತಿತ್ತು, ಮಾತಿಗೆ ಸಂಬಂಧವಿರಲಿಲ್ಲ, ಕಣ್ಣಿನ ಪಾಪೆಗಳು ಹಿಗ್ಗಿದ್ದವು. ಇಷ್ಟಿದ್ದರೂ ಇವುಗಳಿಂದಲೇ ಮದ್ಯಪಾನವನ್ನು ನಿರ್ಧರಿಸಲಾಗದು, ಅದಕ್ಕೆ ರಕ್ತ ಮೂತ್ರಗಳ ಪರೀಕ್ಷೆ ಅವಶ್ಯವೆಂಬುದು ನ್ಯಾಯಾಲಯದ ಅಭಿಪ್ರಾಯ. ಆಲೋಚಿಸಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ತಲೆಗೆ ಪೆಟ್ಟು ಬಿದ್ದವನೂ ತೂರಾಡುತ್ತಾನೆ, ತೊದಲುತ್ತಾನೆ.

1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಅಳತೆಯನ್ನೇ ಕೇಳುತ್ತದೆ. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವುದು ಪರೀಕ್ಷೆಯಿಂದ ಕಂಡುಬರಬೇಕು. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ನಡೆಯಬೇಕು. ಇಲ್ಲವಾದರೆ ಆರೋಪಿಯನ್ನು ಬಿಡಬೇಕು. ತಕ್ಕ ಕಾರಣವಿಲ್ಲದೆ ಪರೀಕ್ಷೆಯನ್ನು ನಿರಾಕರಿಸಿದವನಿಗಾದರೋ ಆ ನಿರಾಕರಣೆಯೇ ಪ್ರತಿಕೂಲ ಸಾಕ್ಷ್ಯ.

ಆದ್ದರಿಂದ ಮೇಲ್ಮನವಿಯಲ್ಲಿ ಏಳುವ ಪ್ರಶ್ನೆಗಳು ಸರಳವಾದವು. ಪರೀಕ್ಷೆ ನಡೆದದ್ದುಂಟೆ? ಪ್ರಯೋಗಶಾಲೆಗೆ ಹೋದ ರಕ್ತ ಇವನದೇ ಎಂಬುದಕ್ಕೆ ಮುದ್ರೆ, ಚೀಟಿ, ದಾಖಲೆಗಳುಂಟೆ? ವಾಹನವನ್ನು ನಡೆಸುತ್ತಿದ್ದವನು ಇವನೇ ಹೌದೆ? ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿಗಳು ಬರುವುದಿಲ್ಲ. ಹಳೆಯ ದಾಖಲೆಗಳನ್ನೇ ಮತ್ತೆ ತೂಗಿ ನೋಡುತ್ತಾರೆ.

ಇಲ್ಲೊಂದು ಎಚ್ಚರಿಕೆಯ ಮಾತು. 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ‘ದಂಡ ತೆತ್ತು ಕೈತೊಳೆದುಕೊಂಡರಾಯಿತು’ ಎಂದು ತಪ್ಪೊಪ್ಪಿಕೊಂಡವನಿಗೆ ಮೇಲ್ಮನವಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಶಿಕ್ಷೆಯ ಪ್ರಮಾಣವನ್ನೋ ಅದರ ಕಾನೂನುಬದ್ಧತೆಯನ್ನೋ ಪ್ರಶ್ನಿಸಬಹುದೇ ಹೊರತು ಸಾಕ್ಷ್ಯ ಸಾಲದೆನ್ನುವಂತಿಲ್ಲ.

ಸೆರೆಮನೆಯಿಂದ ಪಾರಾದವನು ಎಲ್ಲದರಿಂದಲೂ ಪಾರಾದನೆಂದಲ್ಲ. 2007ರಲ್ಲಿ ದೆಹಲಿಯ ಇಂಡಿಯಾ ಗೇಟಿನ ಬಳಿ ಬೆಲೆಬಾಳುವ ಕಾರೊಂದು ಉರುಳಿ ಸುಟ್ಟಿತು. ರಕ್ತಪರೀಕ್ಷೆಯ ಫಲಿತಾಂಶವಿರದಿದ್ದರೂ ವಾಸನೆ ಮತ್ತು ಸನ್ನಿವೇಶಗಳನ್ನು ಕೂಡಿಸಿ ನೋಡಿ, ವಿಮಾ ಕಂಪನಿ ಹಣ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿತು. ಹಣದ ವ್ಯಾಜ್ಯಕ್ಕೆ ಸಂಭವನೀಯತೆ ಸಾಕು. ಸೆರೆಮನೆಗೆ ಕಳಿಸಲು ಸಂಶಯಾತೀತ ಪುರಾವೆ ಬೇಕು.

ಸಾಕ್ಷ್ಯ ಸಾಲದೆ ಆರೋಪಿ ಬಿಡುಗಡೆಯಾದಾಗ ನಾವು ಕಾನೂನನ್ನು ಹಳಿಯುತ್ತೇವೆ. ಆದರೆ ಅಪರಾತ್ರಿಯಲ್ಲಿ ಸೋಮಾರಿತನದಿಂದ ಕೈಬಿಟ್ಟ ಒಂದು ಪರೀಕ್ಷೆ, ಮುದ್ರೆಯಿಲ್ಲದ ಒಂದು ಸೀಸೆ ನಿರಪರಾಧಿಯನ್ನು ಕಾಯುವುದಿಲ್ಲ, ಗಾಯಗೊಂಡವನ ಕಣ್ಣೀರನ್ನೂ ಒರೆಸುವುದಿಲ್ಲ. ನಮ್ಮ ಕೋಪ ತಟ್ಟಬೇಕಾದದ್ದು ಅಲ್ಲಿಗೆ.